ಎಲ್ಲಿದ್ದೀರೋ ಅಲ್ಲೇ ಕೂತ್ಕೊಳ್ಳಿ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡುವುದು ಎಂಬುದು ಇನ್ನೂ ಬಗೆಹರಿದಿಲ್ಲ. ಮೊದಲ ಕರಡು ಹೀಗಿತ್ತು: "ಕಾಣೆಯಾಗಿದ್ದಾರೆ. ಗೋಧಿ ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು." ಚುರುಕಾಗಿದೆ, ಓದುಗರ ಕುತೂಹಲವನ್ನೂ ಕೆರಳಿಸುತ್ತದೆ. ಆದರೆ ನಾನು ಪ್ರಾದೇಶಿಕ ಬಾನುಲಿ ನಿಲಯದಲ್ಲಿ ಹಂಗಾಮಿ ಉದ್ಘೋಷಕಿ. ಇಂಥ ಪ್ರಕಟಣೆಗಳನ್ನು ಎಷ್ಟು ಓದಿದ್ದೇನೆಂದರೆ, ಕಾಣೆಯಾದವರೆಲ್ಲ ಗೋಧಿ ಬಣ್ಣದ, ಕೋಲು ಮುಖದ ಒಬ್ಬರೇ ವ್ಯಕ್ತಿ ಎಂಬ ಗುಮಾನಿ ನನಗಿದೆ. (ಕನ್ನಡಿ ಮುಂದೆ ನಿಂತರೆ ನಾನೂ ಅವರೇ.)

ಎರಡನೆಯ ಕರಡು ಹವಾಮಾನದಿಂದ ಶುರುವಾಗಿತ್ತು. ಹರಿದು ಹಾಕಿದೆ. ಹವಾಮಾನ ಕೇಳಿದರೆ ಜನ ಆಕಳಿಸುತ್ತಾರೆ. ಅದನ್ನೇ ಓದಿ ಹೊಟ್ಟೆ ಹೊರೆಯುವವಳು ಹೀಗೆ ಹೇಳಬಾರದು, ಇರಲಿ.

ಆದ್ದರಿಂದ ನೇರವಾಗಿ ವಿಷಯಕ್ಕೆ. ಸ್ಟುಡಿಯೋ ಹೊರಗಿನ ಬೆಂಚಿನ ಮೇಲೆ ಒಬ್ಬ ಮಗ, ಒಬ್ಬ ಸೊಸೆ. ಬೆಳಿಗ್ಗೆ ಮನೆಯಿಂದ ಹೊರಟ ಅಮ್ಮ ಇನ್ನೂ ಬಂದಿಲ್ಲ.

೨

"ಏನು ಹಾಕ್ಕೊಂಡಿದ್ರು?" ಎಂದು ಕೇಳಿದೆ.

"ನೀಲಿ ಸ್ವೆಟರ್," ಎಂದ ಮಗ. ಅವನದು ಕನ್ನಡಕದ ಅಂಗಡಿ.

"ಹಸಿರು," ಎಂದಳು ಸೊಸೆ. "ಊರೋರ ಕಣ್ಣೆಲ್ಲ ಟೆಸ್ಟ್ ಮಾಡ್ತೀರಿ, ಮನೇಲಿ ಅಮ್ಮನ ಸ್ವೆಟರ್ ಕಾಣಲ್ಲ."

"ನೀಲಿ ಥರ ಇರೋ ಹಸಿರು ಕಣೇ ಅದು."

"ಹಸಿರು ಅಂತ ಬರ್ಕೊಳ್ಳಿ ಮೇಡಂ. ಕೈಯಲ್ಲಿ ಪುಟ್ಟ ರೇಡಿಯೋ ಇರತ್ತೆ. ಅದಿಲ್ದೆ ಬಚ್ಚಲಿಗೂ ಹೋಗಲ್ಲ ಅವರು."

ಇಲ್ಲಿ ನನ್ನ ಪೆನ್ನು ನಿಂತಿತು. ಕಾಣೆಯಾದವರ ಬಗ್ಗೆ ನಾವು ಊರಿಗೆಲ್ಲ ಹೇಳುತ್ತೇವೆ. ಕಾಣೆಯಾದವರೇ ಕೇಳುತ್ತಿರಬಹುದು ಎಂದು ಯಾವತ್ತೂ ಯೋಚಿಸಿರಲಿಲ್ಲ.

"ಈಗಲೂ ಕೇಳ್ತಿರ್ತಾರಾ?"

"ಸೆಲ್ ಮುಗಿದಿರತ್ತೆ," ಎಂದ ಮಗ.

"ನಿನ್ನೆ ನಾನೇ ಹೊಸದು ಹಾಕಿದೀನಿ," ಎಂದಳು ಸೊಸೆ. ಆಮೇಲೆ ನನ್ನ ಕಡೆ ತಿರುಗಿ, "ನಾವು ಹೇಳಿದ್ದು ಒಂದೂ ಕಿವಿಗೆ ಬೀಳಲ್ಲ ಮೇಡಂ. ರೇಡಿಯೋ ಹೇಳಿದ್ರೆ ಮುಗೀತು. ಮಳೆ ಅಂತ ನೀವಂದ್ರೆ ಸುಡೋ ಬಿಸಿಲಲ್ಲೂ ಕೊಡೆ ಬಿಚ್ತಾರೆ. ಮಧ್ಯಾಹ್ನ ಕೊನೇಲಿ ನೀವು ನಮಸ್ಕಾರ ಅಂತೀರಲ್ಲ, ಇವರೂ ನಮಸ್ಕಾರ ಕಣಮ್ಮ ಅಂತಾರೆ. ರೇಡಿಯೋ ಆರಿಸ್ತಾರೆ. ಎದ್ದು ಹೊರಟುಬಿಡ್ತಾರೆ," ಎಂದಳು.

ಮಗ ನಕ್ಕ. ಸೊಸೆ ನಗಲಿಲ್ಲ.

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನವನು ಅಮ್ಮ ಹೆದ್ದಾರಿಯ ಕಡೆ ನಡೆದುಹೋಗಿದ್ದನ್ನು ನೋಡಿದ್ದನಂತೆ. ಆ ರಸ್ತೆಯಲ್ಲಿ ನಡೆಯುವವರಿಗೆ ಜಾಗವಿಲ್ಲ. ಅದು ಲಾರಿಗಳ ರಸ್ತೆ.

೩

ನಮ್ಮ ನಿಲಯದ ಮೇಲಧಿಕಾರಿಯನ್ನು ನಾವು ಹಿಂದಿನಿಂದ 'ಪೂರ್ಣವಿರಾಮ' ಎನ್ನುತ್ತೇವೆ. ಯಾವ ಕಾರ್ಯಕ್ರಮವೂ ತನ್ನ ಗಳಿಗೆ ದಾಟಿ ಒಂದು ಉಸಿರೂ ಎಳೆಯಬಾರದು ಎಂಬುದು ಅವರ ನಿಯಮ. ವಿಷಯ ಹೇಳಿದೆ.

"ಹೆಸರು ಹೇಳಿ, ವಿಳಾಸ ಹೇಳಿ, ಪೊಲೀಸ್ ಠಾಣೆ ಫೋನ್ ನಂಬರ್ ಹೇಳಿ. ಅಷ್ಟೇ. ಮೈಕ್ ಏನು ನಮ್ಮನೆ ಟೆಲಿಫೋನಾ, ಒಬ್ಬರ ಹತ್ರ ಮಾತಾಡೋಕೆ?"

ಬಾಗಿಲಲ್ಲಿ ನಿಂತಿದ್ದ ಸೊಸೆ, "ಹೆಸರು ಹೇಳಿದ್ರೆ ಬೇರೆ ಯಾರೋ ಅನ್ಕೋತಾರೆ ಸರ್, ಈಗೀಗ. ಅಮ್ಮಾ ಅಂದ್ರೆ ಮಾತ್ರ ತಿರುಗ್ತಾರೆ," ಎಂದಳು.

"ಅಲ್ಲಮ್ಮಾ, ರೇಡಿಯೋದಲ್ಲಿ ಅಮ್ಮಾ ಅಂದ್ರೆ ಎಷ್ಟು ಮನೇಲಿ ತಿರುಗ್ತಾರೆ ಗೊತ್ತಾ?"

(ಈ ಕಥೆಗೆ ಒಬ್ಬ ಖಳನಾಯಕ ಬೇಕಿತ್ತು. ಕುರ್ಚಿ, ಗಡಿಯಾರ, ಗಂಟಲು ಎಲ್ಲ ಸಿದ್ಧವಿತ್ತು. ಆದರೆ ಅವರ ಮಾತು ಸರಿಯಾಗಿದ್ದುದರಿಂದ ಅವಕಾಶ ಕೈತಪ್ಪಿತು.)

ಅವರು ಕನ್ನಡಕ ತೆಗೆದು ಒರೆಸಿದರು. "ಒಂದೇ ಸಲ," ಎಂದರು.

೪

"ಅಮ್ಮಾ, ನಿಮಗೇ ಹೇಳ್ತಿರೋದು. ಹಸಿರು ಸ್ವೆಟರ್ ಹಾಕ್ಕೊಂಡು ಹೊರಟಿದೀರಲ್ಲ, ನಿಮಗೆ. ರಸ್ತೆಯಿಂದ ಈಚೆಗೆ ಬಂದು, ಎಲ್ಲಿದ್ದೀರೋ ಅಲ್ಲೇ ನೆರಳಲ್ಲಿ ಕೂತ್ಕೊಳ್ಳಿ. ರೇಡಿಯೋ ಆರಿಸಬೇಡಿ. ನಿಮ್ಮೋರು ಬರ್ತಿದ್ದಾರೆ."

ಹಾಡು ಹಾಕಿ ಹೊರಬರುವಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು.

"ಹಲೋ, ರೇಡಿಯೋನಾ? ನಮ್ಮಮ್ಮ ಅಡುಗೆ ಅರ್ಧಕ್ಕೇ ಬಿಟ್ಟು ಕೂತ್ಬಿಟ್ಟಿದಾಳೆ. ನೀವು ಹೇಳಿದ್ರಂತೆ. ಯಾರು ಬರ್ತಾರೆ ನಮ್ಮನೆಗೆ?"

"ಮೇಡಂ, ನಾನು ಕಂಡಕ್ಟರ್. ಒಬ್ಬಜ್ಜಿ ಕೊನೇ ಸ್ಟಾಪ್ ಬಂದ್ರೂ ಇಳೀತಿಲ್ಲ. ಎಲ್ಲಿದ್ದೀರೋ ಅಲ್ಲೇ ಅಂದಿದ್ದಾರೆ ಅಂತ ನನಗೇ ಜೋರು ಮಾಡ್ತಾರೆ."

"ನನ್ನ ಹತ್ರ ಹಸಿರು ಸ್ವೆಟರ್ ಇಲ್ಲ," ಎಂದಿತು ಇನ್ನೊಂದು ದನಿ, ವಯಸ್ಸಾದದ್ದು. "ಬೂದು ಇದೆ. ನಾನು ಏಳಬಹುದಾ?"

ಸೊಸೆ ಫೋನಿನ ಪಕ್ಕ ಕೂತು ಒಬ್ಬೊಬ್ಬರನ್ನೂ ವಿಚಾರಿಸತೊಡಗಿದಳು. ಮಗ ಸ್ಕೂಟರ್ ಹತ್ತಿದ. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಅವನ ಫೋನ್: "ಪೆಟ್ರೋಲ್ ಬಂಕ್ ಹತ್ರ ಒಬ್ಬರು ಕೂತಿದಾರೆ. ನಮ್ಮಮ್ಮ ಅಲ್ಲ."

"ಅಲ್ಲ ಅಂತ ಬಿಟ್ಟು ಬರಬೇಡಿ," ಎಂದಳು ಸೊಸೆ. "ಮನೆ ತಲುಪಿಸಿ, ಆಮೇಲೆ ಮುಂದೆ ಹೋಗಿ."

೪ (ಮತ್ತೊಮ್ಮೆ. ಹಿಂದಿನದರಲ್ಲಿ ತಪ್ಪಿದೆ.)

ತಪ್ಪು ಯಾವುದೆಂದು ಹಾಡಿನ ಎರಡನೆಯ ಚರಣದಲ್ಲಿ ಹೊಳೆಯಿತು. ನಾನು ಮಾತುಗಳನ್ನು ಅಳೆದು ತೂಗಿ ಆಡುವವಳು. ನಲ್ಲಿ ಸರಿಯಾಗಿ ತಿರುಗಿಸಿದ್ದೇನೆಯೇ ಎಂದು ನೋಡಲು ಅರ್ಧ ದಾರಿಯಿಂದ ಮನೆಗೆ ವಾಪಸಾಗುವ ಜಾತಿ. 'ನೆರಳಲ್ಲಿ' ಎಂದು ಸೇರಿಸಿದ್ದು ಕಾಳಜಿಯಿಂದಲೇ. ಆದರೆ ಬೇರೆ ಯಾರೂ ಸಿಗದಿದ್ದಾಗ ಪಾತ್ರಗಳೇ ಬಂದು ಜಗಳ ತೆಗೆಯುತ್ತವೆ.

"ನೆರಳಲ್ಲಿ ಕೂತ್ಕೋ ಅಂದೆಯಲ್ಲೇ," ಎಂದರು ಅಮ್ಮ, ನನ್ನ ತಲೆಯೊಳಗೆ. "ಇಲ್ಲೆಲ್ಲಿದೆ ನೆರಳು? ಹುಡುಕ್ತಾ ನಡೀತಾ ಇದೀನಿ."

"ಅಯ್ಯೋ, ನಿಲ್ಲಿ. ಒಂದು ಮರ ಹಾಕ್ತೀನಿ."

"ಎಲ್ಲಿ ಹಾಕ್ತೀಯಾ?"

"ನಿಮ್ಮ ಎಡಗಡೆ. ದೊಡ್ಡ ಮರ. ಕೆಳಗೆ ಕಲ್ಲುಬೆಂಚೂ ಇದೆ."

"ಕಲ್ಲು ಕಾದಿದೆ ಕಣೆ."

"ತಣ್ಣಗಿದೆ. ಈಗಷ್ಟೇ ಬರೆದೆ."

ಕೂತರು. ಕಾಲು ನೀಡಿಕೊಂಡರು. "ಬರೆಯೋರಿಗೇನು," ಎಂದರು. "ಕಾಗದದ ಮೇಲೆ ಕಾಡನ್ನೇ ನೆಡ್ತೀರಿ. ನಿಜಕ್ಕೂ ಇಲ್ಲಿ ಮರ ಇದೆಯಾ?"

ನನಗೆ ಗೊತ್ತಿರಲಿಲ್ಲ. ಆ ಹೆದ್ದಾರಿಯನ್ನು ಅಗಲ ಮಾಡಿದ ಮೇಲೆ ನಾನು ಆ ಕಡೆ ಹೋಗಿಲ್ಲ. ನನ್ನ ಒಂದು ಪದಕ್ಕಾಗಿ ಒಬ್ಬ ಮುದುಕಿ ಲಾರಿಗಳ ಪಕ್ಕದಲ್ಲಿ ನಡೆಯುತ್ತಲೇ ಇರಬಹುದು.

ಪೂರ್ಣವಿರಾಮ ಒಂದೇ ಸಲ ಎಂದಿದ್ದರು. ಮುಂದಿನದು ಪೇಟೆ ಧಾರಣೆ. ಓದಿದೆ: "ಈರುಳ್ಳಿ ನಿನ್ನೆಯ ದರದಲ್ಲೇ ಸ್ಥಿರವಾಗಿದೆ. ಟೊಮೆಟೊ ತುಸು ಇಳಿದಿದೆ. ಅಮ್ಮಾ, ನೆರಳಿಲ್ದಿದ್ರೂ ಪರವಾಗಿಲ್ಲ, ಸ್ವೆಟರ್ ತೆಗೆದು ತಲೆ ಮೇಲೆ ಹಾಕ್ಕೊಂಡು ಕೂತ್ಕೊಳ್ಳಿ. ಆಲೂಗೆಡ್ಡೆಗೆ ಬೇಡಿಕೆ ಹೆಚ್ಚಿದೆ."

ಗಾಜಿನ ಆಚೆ ಪೂರ್ಣವಿರಾಮ ಎದ್ದು ನಿಂತರು.

೫

ಇಲ್ಲಿ ಓದುಗರಿಗೆ ಕೆಲವು ಮುಕ್ತಾಯಗಳನ್ನು ಕೊಡಬೇಕೆಂಬ ಪದ್ಧತಿಯಿದೆ.

(ಅ) ಮಗ ಅಮ್ಮನನ್ನು ಕಾಣುತ್ತಾನೆ. ಸ್ವೆಟರ್ ಹಸಿರು. ಒಪ್ಪಿಕೊಳ್ಳುತ್ತಾನೆ. (ತುಂಬ ಸಿಹಿಯಾಯಿತು. ಅದೂ ಅಲ್ಲದೆ ಅವನು ಒಪ್ಪಿಕೊಳ್ಳುವ ಆಸಾಮಿಯಲ್ಲ.)

(ಆ) ಹೆದ್ದಾರಿಯ ಅಂಚಿನಲ್ಲಿ ರೇಡಿಯೋ ಮಾತ್ರ ಸಿಗುತ್ತದೆ, ಮಾತಾಡುತ್ತಲೇ ಇರುವ ರೇಡಿಯೋ. (ಇದನ್ನು ಬರೆದರೆ ಬಹುಮಾನ ಬರಬಹುದು. ಬರೆಯಲಾರೆ. ಫೋನಿನ ಪಕ್ಕ ಕೂತವಳು ನನ್ನ ಕಡೆಯೇ ನೋಡುತ್ತಿದ್ದಾಳೆ.)

(ಇ)

(ಇ)ಗೆ ಜಾಗ ಬಿಟ್ಟಿದ್ದೇನೆ.

೬

ಈಗ ಮಧ್ಯಾಹ್ನದ ಪ್ರಸಾರ ಮುಗಿಯುವ ಹೊತ್ತು. ಸಂಜೆಯವರೆಗೆ ನಿಲಯ ಮೌನ. ಮುಗಿಸುವ ವಾಕ್ಯ ನನ್ನೆದುರಿಗಿನ ರಟ್ಟಿನ ಮೇಲೆ ದೊಡ್ಡಕ್ಷರದಲ್ಲಿದೆ. ನನಗದು ಬಾಯಿಪಾಠ. ಅದರ ಕೊನೆಯ ಪದ 'ನಮಸ್ಕಾರ'. ಆ ಪದ ನನ್ನ ಬಾಯಿಂದ ಬಿದ್ದ ಕೂಡಲೇ ಎಲ್ಲೋ ಒಬ್ಬರು 'ನಮಸ್ಕಾರ ಕಣಮ್ಮ' ಎನ್ನುತ್ತಾರೆ. ರೇಡಿಯೋ ಆರಿಸುತ್ತಾರೆ. ಎದ್ದು ಹೊರಟುಬಿಡುತ್ತಾರೆ.

ಪೂರ್ಣವಿರಾಮ ಬಾಗಿಲು ತೆರೆದು ಒಳಗೆ ಬರುತ್ತಾರೆ. ದಿನವೂ ಈ ಹೊತ್ತಿಗೆ ಬರುತ್ತಾರೆ, ಕೈಗಡಿಯಾರ ತೋರಿಸಲು. ಇವತ್ತು ಕೈಯಲ್ಲಿ ಪ್ರಕಟಣೆಯ ಕಾಗದಗಳಿವೆ.

"ನೀರಿನ ಪೈಪ್ ರಿಪೇರಿ," ಎಂದು ಪಿಸುಗುಡುತ್ತಾರೆ. "ಲೈಬ್ರರಿ ತೆರೆಯೋ ಹೊತ್ತು. ರಕ್ತದಾನ. ಇದು ಹೋದ ವಾರದ್ದು. ಹೋದ ವಾರದ್ದು ಅಂತ ಹೇಳಿಯೇ ಓದಿ. ಸುಳ್ಳಾಗಬಾರದು."

"ಇವೆಲ್ಲ ಮುಗಿದ ಮೇಲೆ, ಸರ್?"

"ನೀವು ಕಥೆ ಗಿಥೆ ಬರೀತೀರಂತಲ್ಲ."

ಹೌದು. ಓದುಗರೇ, ನೀವೀಗ ಓದುತ್ತಿರುವುದು ಅದನ್ನೇ. ಹೀಗಾಗಿ ಇಲ್ಲಿ ಸುತ್ತು ಬಳಸು ಜಾಸ್ತಿ, ಬೇಡದ ಆವರಣಗಳು ಜಾಸ್ತಿ. 'ಅಮ್ಮ ಸಿಕ್ಕರೇ?' ಎಂದು ಕೇಳುತ್ತೀರಿ. ಸ್ಕೂಟರ್ ಇನ್ನೂ ರಸ್ತೆಯ ಮೇಲಿದೆ. ಫೋನ್ ಮತ್ತೆ ಬಡಿದುಕೊಳ್ಳುತ್ತಿದೆ. ಸೊಸೆ ಎತ್ತಿಕೊಂಡು, ಒಂದು ಕೈಯಿಂದ ಇನ್ನೊಂದು ಕಿವಿ ಮುಚ್ಚಿ, "ಯಾವ ಬಣ್ಣ?" ಎಂದು ಕೇಳುತ್ತಿರುವುದು ತುಟಿಯಲ್ಲಿ ಕಾಣುತ್ತಿದೆ. ಉತ್ತರ ನನಗೆ ಕೇಳಿಸುವುದಿಲ್ಲ. ಗಾಜು ದಪ್ಪ.

ಮುಗಿಸುವ ವಾಕ್ಯದ ರಟ್ಟನ್ನು ಮಗುಚಿ ಇಟ್ಟಿದ್ದೇನೆ.

ಕೇಳುಗರೇ, ಪೇಟೆ ಧಾರಣೆ ಇನ್ನೊಮ್ಮೆ. ಅಮ್ಮಾ, ಏಳಬೇಡಿ. ಇನ್ನೂ ಇದೆ. ಈರುಳ್ಳಿ, ನಿನ್ನೆಯ ದರದಲ್ಲೇ ಸ್ಥಿರವಾಗಿದೆ. ಟೊಮೆಟೊ