ಪೋತ್ನಾಳದ ಬಾಯ್ಲರು, ರಾಯಚೂರಿನ ಕಲ್ಲು

ವಿರೂಪಣ್ಣನಿಗೆ ಕೋಟೆ ನೋಡುವ ಹುಚ್ಚು ಹತ್ತಿದೆ ಎಂದು ಶರಣಯ್ಯ ಬಂದು ಹೇಳಿದಾಗ ನಾನು ನಂಬಲಿಲ್ಲ. ವಿರೂಪಣ್ಣ ನಮ್ಮ ಪೋತ್ನಾಳದ ಬಂಡಿಕಾರ. ತನ್ನ ಎತ್ತುಗಳನ್ನು ಬಿಟ್ಟು ಬೇರೆ ಯಾವುದನ್ನೂ ಅವನು ಕಣ್ಣರಳಿಸಿ ನೋಡಿದ್ದನ್ನು ಕಂಡವರಿಲ್ಲ. ತಾಳಿ ಕಟ್ಟುವಾಗಲೂ ಅವನ ಕಣ್ಣು ಚಪ್ಪರದ ಹೊರಗೆ ಕಟ್ಟಿದ್ದ ಜೋಡಿಯ ಮೇಲೆಯೇ ಇತ್ತೆಂದು ಅವನ ಹೆಂಡತಿ ಸೂಗಮ್ಮ ಇಂದಿಗೂ ಹೇಳುತ್ತಾಳೆ.

ಹುಚ್ಚಿಗೆ ಕಾರಣ ಬಾಯ್ಲರು. ಶಂಭುಲಿಂಗಪ್ಪ ಸಾಹುಕಾರರು ಊರಲ್ಲಿ ಹತ್ತಿ ಬಿಡಿಸುವ ಜಿನ್ನು ಕಾರ್ಖಾನೆ ಹಾಕಬೇಕೆಂದು ಮುಂಬಯಿಯಿಂದ ಉಗಿಯ ಒಂದು ಕಬ್ಬಿಣದ ಬಾಯ್ಲರು ತರಿಸಿದ್ದರು. ರೈಲು ಅದನ್ನು ರಾಯಚೂರಲ್ಲಿ ಇಳಿಸಿ ತನ್ನ ದಾರಿ ಹಿಡಿಯಿತು. ಅಲ್ಲಿಂದ ಪೋತ್ನಾಳಕ್ಕೆ ನಲವತ್ತು ಮೈಲಿಯ ಮೇಲೆ. "ನಾ ತರ್ತೀನ್ರೀ" ಎಂದು ವಿರೂಪಣ್ಣ ಹತ್ತು ಜನರ ಮುಂದೆ ಹೇಳಿಬಿಟ್ಟಿದ್ದ. ಐದು ಊರು ತಿರುಗಿ ಹತ್ತು ಜೋಡಿ ಎತ್ತು ಕೂಡಿಸಿದ. ಆದರೆ ಕವಿತಾಳದ ಎತ್ತು ಮಾನ್ವಿಯ ಎತ್ತಿನ ಮಾತು ಕೇಳಲಿಲ್ಲ. ಮುಂದಿನ ಜೋಡಿ ನೆಗೆದಾಗ ಹಿಂದಿನದು ನಿಂತಿತು. ಹಿಂದಿನದು ಎಳೆದಾಗ ಮುಂದಿನದು ಹುಲ್ಲಿಗೆ ಬಾಯಿ ಹಾಕಿತು. ಎರಡು ಸಲ ಹಗ್ಗ ಹರಿಯಿತು. ಬಾಯ್ಲರು ಹೊತ್ತ ಬಂಡಿ ಸ್ಟೇಶನ್ನಿನ ಹೊರಗಿನ ಎರೆ ಮಣ್ಣಿನಲ್ಲಿ ಅಚ್ಚಿನ ತನಕ ಹೂತು ಕೂತಿತು.

ಸಾಹುಕಾರರು ಕೂಗಾಡುವವರಲ್ಲ. "ಅಮಾಸಿ ತನಕ ನೋಡ್ತೀನಿ, ವಿರೂಪಣ್ಣ. ಆಮ್ಯಾಲ ರಾಯಚೂರ ಅಬ್ದುಲ್ ವಹೀದ್‌ಗ ಹೇಳ್ತೀನಿ. ಅವನ ಲಾರಿನ ಎಳಿಲಿ, ಮುಂದ ಹತ್ತೀನೂ ಅವನ ಹೊರಲಿ" ಎಂದಷ್ಟೇ ಹೇಳಿದರು. ವಿರೂಪಣ್ಣನ ನಾಲ್ಕು ಬಂಡಿಗಳ ಹಂಗಾಮಿನ ಬಾಡಿಗೆ ಪೂರ್ತಿ ಆ ಹತ್ತಿ ಸಾಗಿಸುವುದರ ಮೇಲಿತ್ತು. ಅಮಾವಾಸ್ಯೆಗೆ ಉಳಿದದ್ದು ಆರು ದಿನ.

ಶರಣಯ್ಯನದು ಊರಲ್ಲಿ ಬಟ್ಟೆ ಅಂಗಡಿ. ಅಲ್ಲಿ ಬಟ್ಟೆಗಿಂತ ಇತಿಹಾಸ ಹೆಚ್ಚು ಹರಿದು ಹೋಗುತ್ತಿತ್ತು. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಯ ಒಂದೇ ಕಲ್ಲಿದೆ, ಅದನ್ನು ಎಳೆದು ತಂದ ಬಗೆಯನ್ನು ಪಕ್ಕದಲ್ಲೇ ಚಿತ್ರವಾಗಿ ಕೆತ್ತಿದ್ದಾರೆ ಎಂದು ಅವನು ಹೇಳಿದ್ದೇ ತಡ, ವಿರೂಪಣ್ಣ ಕುಡಿಯುತ್ತಿದ್ದ ಚಹಾ ಬಿಟ್ಟು ಎದ್ದನಂತೆ.

ನಾನು ಮಾನ್ವಿಯ ಸರಕಾರಿ ಮದರಸಾದಲ್ಲಿ, ಅಂದರೆ ಶಾಲೆಯಲ್ಲಿ, ಕನ್ನಡದ ಮಕ್ಕಳಿಗೆ ಉರ್ದುವಿನಲ್ಲಿ ಭೂಗೋಳ ಕಲಿಸುವವನು. ಶುಕ್ರವಾರ ರಜೆ. ಮೂವರೂ ರಾಯಚೂರಿಗೆ ಹೊರಟೆವು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿದ್ದರಿಂದ ಬಸ್ಸಿನ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿದ್ದರು. ಏರು ಬಂದಲ್ಲೆಲ್ಲ ಕ್ಲೀನರು ಇಳಿದು ಗಾಳಿ ಹಾಕುತ್ತಿದ್ದ, ನಾವು ಇಳಿದು ಜೊತೆಗೆ ನಡೆಯುತ್ತಿದ್ದೆವು.

ಕೋಟೆಯ ಬಾಗಿಲು ಕಾಟೆ ದರ್ವಾಜಾದಲ್ಲೇ ಶರಣಯ್ಯ ಶುರು ಮಾಡಿದ. ಯಾವ ಸುಲ್ತಾನ ಯಾವ ಗೋಡೆ ಕಟ್ಟಿಸಿದ, ಯಾವ ರಾಯ ಅದನ್ನು ಯಾವ ಬದಿಯಿಂದ ಕೆಡವಿದ, ಆನೆ ಎಷ್ಟು, ಕುದುರೆ ಎಷ್ಟು. ವಿರೂಪಣ್ಣ ನೆಲಕ್ಕೆ ಕೂತು ಹಾಸುಗಲ್ಲಿನಲ್ಲಿ ಗಾಲಿ ಸವೆಸಿದ ಗಾಡಿಗೆರೆಯನ್ನು ಬೆರಳಿನಿಂದ ಅಳೆಯುತ್ತಿದ್ದ.

"ಏಳಪ್ಪಾ, ಈ ಬಾಗಿಲದಾಗ ಸಾವಿರ ಮಂದಿ ರಕ್ತ ಹರದದ" ಎಂದ ಶರಣಯ್ಯ.

"ಹರದಿರಬೇಕು. ಬಂಡಿ ಅದಕ್ಕಿಂತ ಭಾಳ ಹರದಾವ. ನೋಡಿಲ್ಲಿ, ನಾಲ್ಕು ಬೆರಳು ತಗ್ಗು."

"ಅರಸರ ಹೆಸರು ಹೇಳಾಕತ್ತೀನಿ, ಕೇಳಲೇ!"

"ಅರಸರು ಕಲ್ಲು ಹೊತ್ತಾರೇನು? ಹೊತ್ತಾಂವನ ಹೆಸರಿದ್ರ ಹೇಳು, ಕೇಳ್ತೀನಿ."

ಶರಣಯ್ಯನಿಗೆ ಗೊತ್ತಿರಲಿಲ್ಲ. ಮುಂದಿನ ತಿರುವಿನಲ್ಲಿ ಮತ್ತೆ ಸುಲ್ತಾನರ ಕಡೆ ಹೊರಳಿದ.

ಕೊನೆಗೆ ಆ ಕಲ್ಲು ಸಿಕ್ಕಿತು. ಅಕ್ಷರಗಳನ್ನು ಮೈತುಂಬ ಹೊದ್ದು, ಗೋಡೆಯಲ್ಲಿ ಉದ್ದಕ್ಕೂ ಮಲಗಿತ್ತು. ವಿರೂಪಣ್ಣ ಕೆಳಗಿನಿಂದ ಹೆಜ್ಜೆ ಹಾಕಿ ಅಳೆದ, ತಲೆಯ ರುಮಾಲು ತೆಗೆದು ನಿಂತ. ಗುಡಿಯಲ್ಲಿ ನಿಂತ ಹಾಗಿತ್ತು. ಆಮೇಲೆ ಚಿತ್ರಕ್ಕೆ ಮುಖ ಒಡ್ಡಿದ. ಮಳೆ ಬಿಸಿಲಿಗೆ ಸವೆದಿದ್ದರೂ ಗೆರೆ ತಿಳಿಯುತ್ತಿತ್ತು: ಬಂಡಿಯ ಮೇಲೆ ಉದ್ದನೆಯ ಕಲ್ಲು, ಗಾಲಿಗೆ ಹಾರೆ ಕೊಟ್ಟು ನೂಕುತ್ತಿರುವ ಆಳುಗಳು, ಮುಂದೆ ದನಗಳ ದೊಡ್ಡ ಸಾಲು.

"ಎಂಥಾ ಎತ್ತಪ್ಪಾ!" ಎಂದ. "ಒಂದರೆ ತಲಿ ಎತ್ತೇದೇನು ನೋಡು. ಒಂದರೆ ಅಡ್ಡ ಹೊಂಟದೇನು. ಎಲ್ಲಾವು ಒಂದ ತೂಕದಾಗ ಎಳ್ಯಾಕತ್ತಾವ. ಮಾಸ್ತರ್, ಯಾವ ತಳಿರೀ ಇವು?"

ನಾನು ಭೂಗೋಳದವನು, ಶರಣಯ್ಯನ ಕಡೆ ನೋಡಿದೆ. "ಕೃಷ್ಣಾ ತೀರದ ತಳಿ. ಈಗ ಉಳಿದಿಲ್ಲ" ಎಂದು ಅವನು ತಡಮಾಡದೆ ತೀರ್ಪು ಕೊಟ್ಟ.

"ಉಳಿದಿಲ್ಲಾ?" ವಿರೂಪಣ್ಣನ ಮುಖ ಇಳಿಯಿತು. ಆರು ದಿನದಲ್ಲಿ ಬೇಕಾದ ತಳಿ ಆರುನೂರು ವರ್ಷದ ಹಿಂದೆಯೇ ತೀರಿಕೊಂಡಿದ್ದರೆ ಯಾರ ಮುಖವಾದರೂ ಇಳಿಯುತ್ತದೆ.

ಪಕ್ಕದಲ್ಲಿ ಯಾರೋ ನಕ್ಕರು. ನಾಲ್ಕು ಮಾರು ಆಚೆ, ಕೋಟೆ ಗೋಡೆಗೇ ಕುಳ್ಳು ತಟ್ಟುತ್ತಿದ್ದ ಮುದುಕಿ. ಮೊಳಕೈ ತನಕ ಸೆಗಣಿ. ಹೆಸರು ಬಿಸ್ಮಿಲ್ಲಾ ಬೀ ಎಂದು ಆಮೇಲೆ ತಿಳಿಯಿತು.

"ಎತ್ತು ಅಂತೀರೇನ್ರೀ ಮಿಯಾಂ? ಕೋಡು ನೋಡ್ರಿ ಜರಾ. ಬೆನ್ನಿಗೆ ಮಲಗ್ಯಾವ. ಅಡ್ನಾಡಿ ಎತ್ತಿಗೂ ಅಂಥಾ ಕೋಡು ಇರಂಗಿಲ್ಲ. ಕೋಣ ಅವು, ಕೋಣ. ಐವತ್ತು ವರ್ಷ ಆತು ಅವುಗಳ ಬಾಜೂನ ಕುಳ್ಳು ತಟ್ಟಾಕತ್ತಿ, ನನಗ ಗೊತ್ತಿಲ್ಲೇನು?"

ನಾವು ಮೂವರೂ ಮತ್ತೆ ನೋಡಿದೆವು. ಒಮ್ಮೆ ಕೋಣ ಕಂಡ ಮೇಲೆ ಅಲ್ಲಿ ಎತ್ತು ಕಾಣುವುದು ಸಾಧ್ಯವೇ ಇರಲಿಲ್ಲ.

"ನನಗೂ ಸಂಶೇ ಇತ್ತು" ಎಂದ ಶರಣಯ್ಯ.

ವಿರೂಪಣ್ಣ ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡ, ಗುಡಿಯಿಂದ ಹೊರಬಿದ್ದವನಂತೆ. "ಕೋಣ ಹೂಡಾದು ನಮ್ಮ ಮನ್ಯಾಗಿಲ್ಲ. ನಮ್ಮಪ್ಪ ಕಾರಹುಣ್ಣಿವಿಗೆ ಎತ್ತಿನ ಕಾಲು ತೊಳದು ಆಮ್ಯಾಲ ಉಂಡಾಂವ. ನಾ ಕೋಣ ಹೊಡಕೊಂಡು ಊರಾಗ ಹೋದ್ರ ಯಮ ಬಂದ ಅಂತಾರ. ನಡೀರಿ, ಊಟ ಮಾಡೂನು."

ಕೋಟೆಯೊಳಗಿನ ಬಾಲಾ ಹಿಸಾರ್ ಗುಡ್ಡ ಹತ್ತಿ ಅಲ್ಲಿನ ಹಳೆಯ ಫಿರಂಗಿ ತೋಪಿನ ನೆರಳಲ್ಲಿ ರೊಟ್ಟಿ ಗಂಟು ಬಿಚ್ಚಿದೆವು. ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮೊಸರು. ಗಾಳಿ ಚೆನ್ನಾಗಿತ್ತು. ತೋಪು ಎಷ್ಟು ಮೈಲಿ ಹಾರಿಸುತ್ತಿತ್ತು ಎಂದು ಶರಣಯ್ಯ ಹೇಳುತ್ತಿದ್ದ. ಪ್ರತಿ ರೊಟ್ಟಿಗೂ ಗುಂಡು ಒಂದೊಂದು ಮೈಲಿ ಮುಂದೆ ಬೀಳುತ್ತಿತ್ತು. ವಿರೂಪಣ್ಣ ಉಣ್ಣಲಿಲ್ಲ. ಕೆಳಗೆ ಊರಾಚೆ ರೈಲಿನ ಹೊಗೆ, ಸ್ಟೇಶನ್ನು, ಅದರ ಹೊರಗೆ ಸಾಸಿವೆಯಷ್ಟು ಒಂದು ಕರಿ ಚುಕ್ಕಿ.

"ಅಲ್ನೋಡ್ರಿ, ಕುಂತದ" ಎಂದ.

ಇನ್ನೊಂದು ಬದಿಗೆ ಆಮ್ ತಲಾಬ್ ಕೆರೆ. ಅದರಲ್ಲಿ ಎಮ್ಮೆಗಳ ಹಿಂಡು, ಬರೀ ಬೆನ್ನು ಕಾಣುವಷ್ಟು ಮುಳುಗಿ ನಿಂತಿತ್ತು. ಒಂದು ಎದ್ದರೆ ಎಲ್ಲವೂ ಎದ್ದವು, ಒಂದು ತಿರುಗಿದರೆ ಎಲ್ಲವೂ ತಿರುಗಿದವು. ಬಹಳ ಹೊತ್ತು ಅವನು ಚುಕ್ಕಿಯಿಂದ ಕೆರೆಗೆ, ಕೆರೆಯಿಂದ ಚುಕ್ಕಿಗೆ ನೋಡುತ್ತಿದ್ದ.

"ಮಾಸ್ತರ್, ಆ ಕಲ್ಲು ಎಳದಾಂವಗೂ ಊರು ಇತ್ತಲ್ರೀ. ನಕ್ಕಿರಬೇಕಲ್ರೀ ಊರಾವ್ರು?"

"ನಕ್ಕಿರ್ತಾರ. ನಕ್ಕಾವ್ರನ್ನ ಯಾರೂ ಕಲ್ಲಾಗ ಕೆತ್ತಿಲ್ಲ ನೋಡು" ಎಂದೆ.

ಅವನು ಎರಡು ರೊಟ್ಟಿಯನ್ನು ಒಟ್ಟಿಗೇ ಮಡಚಿ ಬಾಯಿಗಿಟ್ಟು, ಅಗಿಯುತ್ತಲೇ ಗುಡ್ಡ ಇಳಿಯತೊಡಗಿದ. ಶರಣಯ್ಯನ ಗುಂಡು ಅರ್ಧ ದಾರಿಯಲ್ಲೇ ಉಳಿಯಿತು.

"ಯವ್ವಾ, ಇಂಥಾ ಕೋಣ ಎಲ್ಲಿ ಸಿಗ್ತಾವ?" ಎಂದು ವಿರೂಪಣ್ಣ ಗೋಡೆಯ ಬಳಿ ಬಂದು, ಬಾಯ್ಲರಿನ ಕತೆಯನ್ನೂ ಹೇಳಿ ಕೇಳಿದಾಗ ಬಿಸ್ಮಿಲ್ಲಾ ಬೀ ನಗಲಿಲ್ಲ. ಕಲ್ಮಲದಲ್ಲಿ ತನ್ನ ಅಣ್ಣನಿದ್ದಾನೆ, ಕಣಿಯಿಂದ ಕಲ್ಲು ಸಾಗಿಸುತ್ತಾನೆ, ಎಂಟು ಜೋಡಿ ಕೋಣ, ಎಲ್ಲ ಒಂದೇ ಕೊಟ್ಟಿಗೆಯಲ್ಲಿ ಬೆಳೆದವು ಎಂದಳು. "ಹುಷಾರ್, ಬೇಟಾ. ನಸುಕಿನ್ಯಾಗ ಹೂಡು, ಬಿಸಲೇರಿದ್ರ ಬಿಡು. ಬಿಸಲಾಗ ನೀರು ಕಂಡ್ರ ಹೊಕ್ಕ ಕೂಡ್ತಾವ, ನಿನ್ನ ಬಾಯ್ಲರ್ ಕಟ್ಟಿದ್ರೂ ಕೂಡ್ತಾವ. ಮತ್ತ ಎತ್ತಿಗೆ ಬೈದಂಗ ಬೈಯಬ್ಯಾಡ. ಸಿಟ್ಟು ಬಂದ್ರ ನಿಂತಬಿಡ್ತಾವ, ನನ್ನ ಸೊಸಿಯಂಗ."

ಸಂಜೆಯ ಬಸ್ಸಿನಲ್ಲಿ ನಮ್ಮ ಗ್ರಹಚಾರಕ್ಕೆ ಸಾಹುಕಾರರ ತಂಗಿ ಚನ್ನಮಲ್ಲಮ್ಮನವರಿದ್ದರು. ಕಲ್ಮಲದಲ್ಲಿ ವಿರೂಪಣ್ಣ ಎದ್ದು ನಿಂತ.

"ಇಲ್ಯಾಕೋ ಇಳೀತಿ?" ಎಂದರು. ಬಸ್ಸಿನ ಅರ್ಧ ಜನ ತಿರುಗಿ ನೋಡಿದರು.

ಶರಣಯ್ಯ ಅವನ ಮಾನ ಉಳಿಸಲು "ಅಲ್ಲೊಂದು ಗುಡಿ ಅದರೀ" ಎಂದು ಶುರು ಮಾಡಿದ್ದ. ವಿರೂಪಣ್ಣ ಅವನ ಭುಜ ಒತ್ತಿ ಕೂರಿಸಿದ.

"ಕೋಣ ಕೇಳಾಕ ಹೊಂಟೀನ್ರೀ ಯವ್ವಾ. ಅಣ್ಣಾವ್ರಿಗೆ ಹೇಳ್ರಿ, ಬಾಯ್ಲರು ಕೋಣ ಎಳಕೊಂಡು ಬರ್ತಾವ."

ಬಸ್ಸು ಬಾಯಿಬಿಟ್ಟು ನಕ್ಕಿತು. ಅವನು ಇಳಿದು, ಧೋತರ ಎತ್ತಿ ಕಟ್ಟಿ, ಹಿಂದಿರುಗಿ ನೋಡದೆ ಹೋದ.

ಅಮಾವಾಸ್ಯೆಯ ಸಂಜೆ ಹೊತ್ತು ಮುಳುಗುವ ಮುಂಚೆ ಬಾಯ್ಲರು ಪೋತ್ನಾಳ ಮುಟ್ಟಿತು. ಹದಿನಾರು ಕೋಣಗಳು, ಕೆಸರಿನ ಮೈ, ಒಂದೇ ಹೆಜ್ಜೆ. ನಗಲೆಂದೇ ಹೊರಬಿದ್ದಿದ್ದ ಊರು ಅಗಸೆ ಬಾಗಿಲಿನ ಏರಿನಲ್ಲಿ ನಗುವುದನ್ನು ಮರೆತು ಗಾಲಿಗೆ ಕೈ ಕೊಟ್ಟಿತು. ಶಂಭುಲಿಂಗಪ್ಪನವರು ಕಾಯಿ ಒಡೆದು ಬಾಯ್ಲರಿಗೆ ವಿಭೂತಿ ಬಳಿದರು. ಎಳೆದು ತಂದ ದನಕ್ಕೂ ಹಚ್ಚುವುದು ರೂಢಿ. ಸಾಹುಕಾರರು ಮೊದಲ ಕೋಣದ ಮುಂದೆ ಬೆರಳು ಎತ್ತಿಕೊಂಡೇ ನಿಂತರು. ಇದಕ್ಕೆ ಅಪ್ಪ ಅಜ್ಜ ಏನೂ ಹೇಳಿಕೊಟ್ಟಿರಲಿಲ್ಲ.

ವಿರೂಪಣ್ಣ ಅವರ ಕೈಯಿಂದ ತಟ್ಟೆ ತೆಗೆದುಕೊಂಡು, ಹದಿನಾರಕ್ಕೂ ಮೂರು ಮೂರು ಬೆರಳು ಎಳೆದ.

"ಎತ್ತಿಗಿಂತ ಇವಕ್ಕ ಛಲೋ ಎದ್ದು ಕಾಣ್ತದ ನೋಡ್ರೀ" ಎಂದ. "ಹತ್ತಿ ಹೊರಾದು ಯಾವತ್ತ ಶುರು ಮಾಡೂನ್ರಿ?"