ಟೆಸ್ಟಿಂಗ್ ದಿನದ ಬೆಂಕಿ

ಗೊರಗುಂಟೆಪಾಳ್ಯದ ಆ ಗಾರ್ಮೆಂಟ್ಸ್‌ಗೆ ಫೈರ್ ಅಲಾರಂ ಪರೀಕ್ಷಿಸಲು ಬಂದಾಗಲೆಲ್ಲ ಉಜೈರ್ ಮೊದಲು ಮೂರನೇ ಮಹಡಿಯ ಹೊಲಿಗೆ ಹಾಲ್‌ಗೆ ಹೋಗಿ ಕೂಗುತ್ತಿದ್ದ: "ಅಕ್ಕಂದಿರೇ, ಇವತ್ತು ಟೆಸ್ಟಿಂಗು. ಸೈರನ್ ಹೊಡ್ಕೊಂಡ್ರೆ ಯಾರೂ ಏಳ್ಬೇಡಿ." ಯಾರಾದರೂ ಎದ್ದರೆ ಲೈನು ನಿಲ್ಲುತ್ತದೆ, ಲೈನು ನಿಂತರೆ ಮ್ಯಾನೇಜರ್ ಕುಣಿದಾಡುತ್ತಾನೆ. ವರ್ಷಕ್ಕೊಮ್ಮೆ ಮಾತ್ರ, ಬೆಂಕಿ ಬಿದ್ದರೆ ಹೊರಗೋಡುವ ಡ್ರಿಲ್ಲಿನ ವಿಡಿಯೋ. ಆಗ ಉಜೈರ್ ಸುಟ್ಟ ಗಾಯದಂತೆ ಕೈಗೆ ಕೆಂಪು ಬಣ್ಣ ಬಳಿದುಕೊಂಡು "ಬೆಂಕಿ! ಬೆಂಕಿ!" ಎಂದು ಅರಚಬೇಕು. ಮೊದಲ ಸಾಲಿನವರು ನಗುತ್ತಾ ಎದ್ದು, ಕ್ಯಾಮೆರಾ ದಾಟಿ, ಮತ್ತೆ ಬಂದು ಕೂರುವರು. ಇಂಥ ನಾಟಕಕ್ಕೆ ಸುರಕ್ಷತೆ ಎಂದು ಹೆಸರಿಟ್ಟವರ ಬಾಯಿಗಿಷ್ಟು ಮಣ್ಣು ಹಾಕ.

ಆ ಬೆಳಗ್ಗೆ ಕೂಗಿ ಇಳಿದು ಬಂದವನು ಇನ್ನೂ ಏನನ್ನೂ ಮುಟ್ಟಿರಲಿಲ್ಲ, ಅಷ್ಟರಲ್ಲೇ ಸೈರನ್ ಹೊಡೆದುಕೊಂಡಿತು. ಅಲಾರಂ ಪ್ಯಾನೆಲ್ಲಿನಲ್ಲಿ ಎರಡನೇ ಮಹಡಿಯ ಗೋಡೌನಿನ ಕೆಂಪು ದೀಪ. ಓಡಿಹೋಗಿ ನೋಡಿದರೆ ಬಟ್ಟೆಯ ರೋಲುಗಳು ಸೂರಿನವರೆಗೆ ಧಗಧಗ ಉರಿಯುತ್ತಿದ್ದವು. ಬೆಂಕಿ ಆರಿಸುವ ಸಿಲಿಂಡರ್ ಖಾಲಿ ಮಾಡಿದರೂ ಬೆಂಕಿ ಬಗ್ಗಲಿಲ್ಲ. ಕಬ್ಬಿಣದ ಬಾಗಿಲನ್ನು ಎಳೆದು ಮುಚ್ಚಿದ, ಅಂಗೈಯ ಚರ್ಮ ಅದಕ್ಕೇ ಅಂಟಿಕೊಂಡಿತು. ಇರುವುದು ಒಂದೇ ಮೆಟ್ಟಿಲು, ಅದೂ ಈ ಬಾಗಿಲ ಮುಂದೆಯೇ. ಬಾಗಿಲು ಬೆಂಕಿಯನ್ನು ತಡೆದಿರುವಷ್ಟರಲ್ಲೇ ಮೇಲಿನ ಹೆಂಗಸರೆಲ್ಲ ಇಳಿಯಬೇಕು, ಇಲ್ಲದಿದ್ದರೆ ಒಬ್ಬರೂ ಉಳಿಯುವುದಿಲ್ಲ.

ಹೊಲಿಗೆ ಹಾಲ್‌ಗೆ ಓಡಿ ಕೂಗಿದ: "ಎದ್ದೇಳಿ! ನಿಜವಾದ ಬೆಂಕಿ! ಕೆಳಗೆ ಗೋಡೌನ್ ಉರೀತಿದೆ!"

ಮೆಷಿನ್‌ಗಳು ನಿಲ್ಲಲಿಲ್ಲ. ಸುಟ್ಟ ಅಂಗೈ ಎತ್ತಿ ತೋರಿಸಿದ.

"ಈ ಸಲ ಬಣ್ಣ ಚೆನ್ನಾಗಿದೆ ಗುರು!" ಎಂದಳು ಮುಂದಿನ ಸಾಲಿನ ಸರಳಾ. ಎಲ್ಲರೂ ನಕ್ಕರು. ಇಸ್ತ್ರಿಯ ಹಬೆ ತುಂಬಿದ್ದ ಹಾಲಿನಲ್ಲಿ ಹೊಗೆಯ ವಾಸನೆ ಯಾರ ಮೂಗಿಗೂ ತಾಗಿರಲಿಲ್ಲ.

ಫ್ಲೋರ್ ಇನ್‌ಚಾರ್ಜ್ ಆನಂದಪ್ಪ ಬಾಗಿಲಿಗೆ ಅಡ್ಡ ಬಂದರು. ಹೆಂಗಸರ ರಜೆಗಾಗಿ ಮ್ಯಾನೇಜರ್ ಜೊತೆ ಜಗಳವಾಡುವ ಮುದುಕ. ಎಲ್ಲರಿಗೂ ಅವರು ಅಪ್ಪಯ್ಯ.

"ಸಾಕು ಬಿಡೋ ಉಜೈರ್. ಹೆಣ್ಮಕ್ಳನ್ನ ಗಾಬರಿ ಮಾಡ್ಬೇಡ ಕಣೋ."

"ಅಪ್ಪಯ್ಯ, ನಿಮ್ ಕಾಲಿಗೆ ಬೀಳ್ತೀನಿ, ದಾರಿ ಬಿಡಿ!"

"ಕೂತ್ಕೊಳ್ರಮ್ಮಾ, ಟೆಸ್ಟು."

ಅರೆಬರೆ ಎದ್ದಿದ್ದ ಒಬ್ಬಿಬ್ಬರೂ ಕೂತರು. ಉಜೈರ್‌ಗೆ ಎಲ್ಲಿಂದ ಬಂತೋ ಆ ರೋಷ, ಚೀಲದಿಂದ ಸ್ಪ್ಯಾನರ್ ಎಳೆದು ಆನಂದಪ್ಪನವರ ದವಡೆಗೆ ಬೀಸಿದ. ಮೂಳೆ ಲಟಕ್ಕೆಂದಿತು. ಬೀಳುತ್ತಾ ಅವರು ಅವನ ಅಂಗಿ ಹಿಡಿದರು. ಬಿಡಿಸಿಕೊಳ್ಳಲು ಇನ್ನೊಂದು ಏಟು, ಈ ಸಲ ತಲೆಗೆ. ಹೊಲಿದಿಟ್ಟ ಬಿಳಿ ಅಂಗಿಗಳ ಮೇಲೆ ರಕ್ತ ಚಿಮ್ಮಿತು.

ಮೆಷಿನ್‌ಗಳು ನಿಂತವು.

"ಅಪ್ಪಯ್ಯನ್ನ ಒಡೆದ್ನಲ್ರೇ! ಇಡ್ಕೊಳ್ರೇ ಅವನ್ನ!" ರಾಜಾನುಕುಂಟೆಯ ಮುನಿಕೆಂಪಮ್ಮ ಕತ್ತರಿ ಹಿಡಿದು ಎದ್ದಳು. ಅವಳ ಹಿಂದೆ ಎರಡು ಸಾಲು ಎದ್ದವು.

ಬೆಂಕಿಗೆ ಏಳದವರು ಇದಕ್ಕೆ ಏಳುತ್ತಾರೆ! ಉಜೈರ್‌ಗೆ ಆ ಕ್ಷಣವೇ ಹೊಳೆಯಿತು. ಹಿಂದಿನ ಸಾಲುಗಳು ಇನ್ನೂ ಕೂತಿದ್ದವು. ಬಿದ್ದ ಮುದುಕನ ಹೊಟ್ಟೆಗೆ ಎಲ್ಲರಿಗೂ ಕಾಣುವಂತೆ ಒದ್ದ. "ಬನ್ರೇ, ತಾಕತ್ತಿದ್ರೆ ಹಿಡೀರಿ!" ಎಂದು ಕ್ಯಾಕರಿಸಿ ಉಗಿದು ಮೆಟ್ಟಿಲಿಗೆ ಓಡಿದ.

ಇಡೀ ಹಾಲ್ ಅವನ ಬೆನ್ನು ಹತ್ತಿತು. ಎರಡನೇ ಮಹಡಿಯಲ್ಲಿ ಕಬ್ಬಿಣದ ಬಾಗಿಲು ಕೆಂಪಗಾಗಿ, ಸಂದಿಯಿಂದ ಹೊಗೆ ಕಕ್ಕುತ್ತಿತ್ತು. ಕೆಮ್ಮುತ್ತಾ, ಬೈಯುತ್ತಾ, ಅವನ ಬೆನ್ನನ್ನೇ ನೋಡುತ್ತಾ ಅವರು ಅದನ್ನೂ ದಾಟಿ ನುಗ್ಗಿದರು.

ಅಂಗಳದಲ್ಲಿ ಸಿಕ್ಕಿಬಿದ್ದ. ಕತ್ತರಿ ತೊಡೆಗೆ ಇಳಿಯಿತು. ಕಲ್ಲು, ಚಪ್ಪಲಿ, ಮೊಣಕೈ ಸುರಿದವು. ಯಾರೋ ಇಟ್ಟಿಗೆಯಿಂದ ಅವನ ಮಂಡಿ ಜಜ್ಜಿದರು. ಅವನು ಕೈಯನ್ನೂ ಅಡ್ಡ ತರಲಿಲ್ಲ, ಮೆಟ್ಟಿಲ ಬಾಯಿಯನ್ನೇ ನೋಡುತ್ತಾ ಬಿದ್ದಿದ್ದ. ಕೊನೆಗೆ ಬಂದವಳು ತುಂಬಿದ ಬಸುರಿ ಜಬೀನ್. ಅವಳು ಹೊರಗೆ ಕಾಲಿಟ್ಟಳೋ ಇಲ್ಲವೋ, ಮೇಲೆ ಗೋಡೌನಿನ ಕಿಟಕಿಗಳು ಸಿಡಿದವು. ಗಾಜು ಎಲ್ಲರ ಮೇಲೂ ಉದುರಿತು. ಮೆಟ್ಟಿಲ ತುಂಬ ಬೆಂಕಿ ಇಳಿಯಿತು.

ಎತ್ತಿದ ಕೈಗಳು ಹಾಗೇ ನಿಂತವು.

"ನಿಜ್ವಾಗ್ಲೂ ಬೆಂಕಿನಾ?" ಎಂದಳು ಸರಳಾ.

ಮುನಿಕೆಂಪಮ್ಮ ಅತ್ತ ಇತ್ತ ನೋಡಿದಳು. "ಅಪ್ಪಯ್ಯ ಎಲ್ರೇ? ಯಾರ್ ಕರ್ಕೊಂಡ್ ಬಂದ್ರಿ?"

ಅವರನ್ನು ಹೊಡೆದವನನ್ನು ಹಿಡಿಯಲೆಂದು ಎಲ್ಲರೂ ಅವರನ್ನೇ ದಾಟಿಕೊಂಡು ಬಂದಿದ್ದರು.

ಉಜೈರ್ ಏಳಲು ನೋಡಿದ, ಮಂಡಿ ಮಡಚಿಕೊಂಡಿತು. ತೆವಳುತ್ತಾ ಉರಿಯುತ್ತಿದ್ದ ಮೆಟ್ಟಿಲ ಕಡೆ ಹೋದವನನ್ನು ಮುನಿಕೆಂಪಮ್ಮ ಕಾಲು ಹಿಡಿದು ಹಿಂದಕ್ಕೆಳೆದಳು.

"ಬಿಡಿ ಅಕ್ಕ, ನಾನೇ ಬೀಳ್ಸಿದ್ದು, ನಾನೇ ಕರ್ಕೊಂಡ್ ಬರ್ತೀನಿ." ರಕ್ತ ತುಂಬಿದ ಬಾಯಲ್ಲಿ ಮಾತು ತೊದಲಿತು. "ಬಿಡದಿದ್ರೆ ಹೊಡೀರಿ. ಇನ್ನೂ ಹೊಡೀರಿ."

ಯಾರೂ ಹೊಡೆಯಲಿಲ್ಲ.