ಕಿವಿಗೆ ಬೀಳದ ಸುದ್ದಿ

ನಮ್ಮ ಮನೆಯಲ್ಲಿ ಫುಟ್‌ಬಾಲ್ ಚೆಂಡಿಗೆ ಜಾಗವಿದ್ದದ್ದು ಬಚ್ಚಲುಮನೆಯ ಸೂರಿನಡಿ ಮಾತ್ರ. ಚರ್ಮದ ಪದಾರ್ಥ ನಡುಮನೆಗೆ ಬರಕೂಡದು ಎಂದು ಮಾವ ವೆಂಕಟೇಶಯ್ಯನವರ ಕಟ್ಟಪ್ಪಣೆ. ಆದರೆ ಆ ಚೆಂಡನ್ನು ಗುಬ್ಬಿಗೆ ತಂದವರು ಅವರದೇ ದಾಯಾದಿ ಅಣ್ಣ, ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಗುಮಾಸ್ತರಾಗಿದ್ದ ಸೀತಾರಾಮಯ್ಯನವರು. ಐವತ್ತೆರಡನೇ ಇಸವಿಯಲ್ಲಿ ಒಂದು ದಿನ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದು ನನ್ನ ಮೈದುನ ಸುಬ್ಬಕೃಷ್ಣನ ಕೈಯಲ್ಲಿಟ್ಟರು.

ಸುಬ್ಬನಿಗೆ ತಾಯಿಯಿಲ್ಲ. ನಾನು ಮದುವೆಯಾಗಿ ಬಂದಾಗ ಅವನಿಗೆ ಆರು ವರ್ಷ. ನನ್ನ ಸೆರಗು ಹಿಡಿದೇ ಬೆಳೆದವನು. ಅವನೂ ಕೋಟೆ ಬೀದಿಯ ಅವನ ಗೆಳೆಯರೂ ಸೇರಿ ಒಂದು ತಂಡ ಕಟ್ಟಿದರು. ಆಮೇಲೆ ಸೈಕಲ್ ಶಾಪಿನ ಏಜಾಜ್ ಅಹಮದ್ ಪೇಟೆ ಹುಡುಗರನ್ನು ಕರೆತಂದ. ಹೆಸರು ‘ಗುಬ್ಬಿ ಯೂನಿಯನ್’ ಆಯಿತು. ಬನಿಯನ್‌ಗಳಿಗೆ ಬಣ್ಣ ಹಾಕಿದವಳು ನಾನು. ಮನೆಯಲ್ಲಿದ್ದದ್ದು ಕಾವಿಯೊಂದೇ, ಅದನ್ನೇ ಹಾಕಿದೆ. ತುಮಕೂರಿನ ಮೈದಾನದಲ್ಲಿ ನಮ್ಮವರು ಇಳಿದ ಕೂಡಲೇ, “ಸನ್ಯಾಸಿಗಳು ಬಂದ್ರು, ಭಿಕ್ಷೆ ಹಾಕ್ರಪ್ಪೋ!” ಎಂದು ಕೂಗುತ್ತಿದ್ದರಂತೆ. ಹುಡುಗರು ಸೋತು ಬಂದು ಅದನ್ನೇ ಹೇಳಿಕೊಂಡು ನಗುತ್ತಿದ್ದರು.

ಸೋಲೇ ಹೆಚ್ಚು. ಜಿಲ್ಲಾ ಲೀಗಿನ ಎರಡನೇ ಡಿವಿಷನ್ನಿನಲ್ಲಿ ಪ್ರತಿವರ್ಷ ತಳದ ಆಸುಪಾಸಿನಲ್ಲೇ ಇರುತ್ತಿದ್ದರು. ಐವತ್ತೊಂಬತ್ತರ ಕಡೆಯ ಪಂದ್ಯಕ್ಕೆ ಬರುವ ಹೊತ್ತಿಗೆ, ಸೋತರೆ ಲೀಗಿನಿಂದಲೇ ಹೊರಗೆ ಎಂಬಂತಾಗಿತ್ತು. ಅದರ ಕೆಳಗೆ ಆಡಲು ಬೇರೆ ಡಿವಿಷನ್ನಿಲ್ಲ, ಕ್ಲಬ್ಬೇ ಮುಗಿದಂತೆ. ಡ್ರಾ ಆದರೂ ಉಳಿಯುತ್ತಿತ್ತು. ಗೋಲು ಕಾಯಬಲ್ಲವನು ಸುಬ್ಬನೊಬ್ಬನೇ. ಆ ವಾರ ಅವನು ಸರಿಯಾಗಿ ಊಟ ಮಾಡಲಿಲ್ಲ.

ಪಂದ್ಯದ ದಿನ ನಮ್ಮ ಯಜಮಾನರು ಕೆಲಸದ ಮೇಲೆ ತಿಪಟೂರಿಗೆ ಹೋಗಿದ್ದರು. ಸುಬ್ಬ ಕೋಣೆಯಲ್ಲಿ ಬಟ್ಟೆ ಹಾಕಿಕೊಳ್ಳುತ್ತಿದ್ದ. ನಾನು ಹಿತ್ತಲಲ್ಲಿ ಅಕ್ಕಿ ಕೇರುತ್ತಿದ್ದೆ. ಬೇಲಿಯಾಚೆ ಯಾರೋ ನಿಂತಂತಾಯಿತು. ನೋಡಿದರೆ ಪುಟ್ಟರಂಗಯ್ಯ, ಕುಣಿಗಲ್ಲಿನಲ್ಲಿ ಸೀತಾರಾಮಯ್ಯನವರ ಹೊಲ ನೋಡಿಕೊಳ್ಳುವವನು. ಬಂದಾಗಲೆಲ್ಲ ಅವರೆಕಾಯಿಯನ್ನೋ ಹುಣಿಸೆಹಣ್ಣನ್ನೋ ಹೊತ್ತು ತರುವವನು ಇಂದು ಬರಿಗೈಲಿ, ತಲೆಯ ಮೇಲೆ ಟವಲ್ ಹೊದ್ದು ನಿಂತಿದ್ದ. ಸೀತಾರಾಮಯ್ಯನವರು ತಿಂಗಳಿಂದ ಮಲಗಿದ್ದದ್ದು ನಮಗೆ ಗೊತ್ತಿತ್ತು.

“ಅಮ್ಮಾರೇ...” ಎಂದು ಬಾಯಿ ತೆರೆದ.

“ಪುಟ್ಟರಂಗಯ್ಯ, ಏನೂ ಹೇಳಬೇಡ. ಕೂತ್ಕೋ. ಮೊದ್ಲು ಕಾಫಿ ಕುಡಿ.”

“ಇಲ್ಲ ಕಣವ್ವ, ಅದೇ ನಮ್ಮ ಅಯ್ನೋರು...”

“ನಿನ್ನ ದಮ್ಮಯ್ಯ. ಹೇಳ್ಬೇಡ.”

ದಾಯಾದಿ ತೀರಿಕೊಂಡರೆ ಹತ್ತು ದಿನ ಸೂತಕ. ಸುದ್ದಿ ಕೇಳಿದವರು ಉಟ್ಟ ಬಟ್ಟೆಯಲ್ಲೇ ತಣ್ಣೀರು ಹಾಕಿಕೊಂಡು ಮನೆಯಲ್ಲಿರಬೇಕು, ಯಾರನ್ನೂ ಮುಟ್ಟುವಂತಿಲ್ಲ. ಇನ್ನು ಮೈದಾನವೆಲ್ಲಿ ಬಂತು? ಆದರೆ ದೂರದ ಸಾವಿಗೆ ಸೂತಕ ಹಿಡಿಯುವುದು ಸುದ್ದಿ ಕಿವಿಗೆ ಬಿದ್ದಮೇಲೆ. ಇದನ್ನು ನನಗೆ ಹೇಳಿಕೊಟ್ಟವರು ಮಾವನವರೇ.

“ಸುಬ್ಬ ಮಧ್ಯಾಹ್ನದ ಗಾಡಿಗೆ ತುಮಕೂರಿಗೆ ಹೋಗ್ತಾನೆ,” ಎಂದೆ. “ಇವತ್ತು ಅವನ ಮ್ಯಾಚು.”

ಪುಟ್ಟರಂಗಯ್ಯ ನನ್ನ ಮುಖವನ್ನೇ ನೋಡಿದ. ಆಮೇಲೆ ಟವಲನ್ನು ತಲೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡು ಬಾವಿಕಟ್ಟೆಯ ಹಿಂದೆ ಹೋಗಿ ಕೂತ.

ಅಷ್ಟರಲ್ಲಿ ಬೀದಿಬಾಗಿಲಲ್ಲಿ ಏಜಾಜನ ಸೈಕಲ್ ಬೆಲ್. “ಏನ್ಲಾ ಸುಬ್ಬ, ಮದ್ವೆ ಗಂಡಿನ್ ಥರ ಎಷ್ಟೊತ್ಲಾ? ಅಕ್ಕಾ, ಇವನ್ನ ಆಚೆಗೆ ತಳ್ಳಿ!”

“ಬಂದೆ ಕಣೋ, ಯಾಕ್ ಬಡ್ಕೋತೀಯ!”

ಸುಬ್ಬ ಚೆಂಡು ತೆಗೆದುಕೊಳ್ಳಲು ಹಿತ್ತಲಿಗೆ ಬಂದ. ನಾನು ಬಾವಿಗೆ ಅಡ್ಡವಾಗಿ ಮೊರ ಹಿಡಿದು ನಿಂತೆ. “ಹೋಗ್ಬರ್ತೀನಿ ಅತ್ತಿಗೆ,” ಎಂದು ಕಾಲು ಮುಟ್ಟಿದ. ಮೊರ ಕೆಳಗಿಡದೆಯೇ ಆಶೀರ್ವಾದ ಮಾಡಿದೆ.

ಅವರು ಬೀದಿ ತಿರುಗಿದ ಮೇಲೆ ಒಳಗಿನಿಂದ ಮಾವನವರ ದನಿ. “ಕಮಲಾ, ಹಿತ್ತಲಲ್ಲಿ ಯಾರಮ್ಮ?”

ಸುಳ್ಳು ಹೇಳಲಾಗಲಿಲ್ಲ. “ಕುಣಿಗಲ್ ಪುಟ್ಟರಂಗಯ್ಯ, ಮಾವ.”

ಒಳಗೆ ಮಂಚ ಕಿರುಗುಟ್ಟಿತು. ಎದ್ದು ಬಂದೇ ಬರುತ್ತಾರೆ, ಸ್ಟೇಷನ್ನಿಗೆ ಆಳು ಓಡಿಸುತ್ತಾರೆ ಎಂದುಕೊಂಡೆ.

“ಗಾಡಿ ಹೊರಟಿತೇ?” ಎಂದರು.

“ಇನ್ನೂ ಇಲ್ಲ.”

“ಪುಟ್ಟರಂಗಯ್ಯನಿಗೆ ಊಟ ಹಾಕು. ಮಾತೆಲ್ಲ ಸಂಜೆಗೆ ಇರಲಿ. ನನಗ್ಯಾಕೋ ನಿದ್ದೆ ಬರ್ತಿದೆ.” ಶಾಲನ್ನು ಕಿವಿಯವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಆಗಾಗ ನೋಡಿದೆ, ಕಣ್ಣು ಮುಚ್ಚಿರಲಿಲ್ಲ. ಒಟ್ಟಿಗೆ ಒಂದೇ ಮನೆಯಲ್ಲಿ ಬೆಳೆದ ಅಣ್ಣ ತಮ್ಮಂದಿರು ಅವರು.

ಪುಟ್ಟರಂಗಯ್ಯ ಎಲೆಯ ಮುಂದೆ ಕೂತು ಅನ್ನ ಕಲಸಿದ, ತಿನ್ನಲಿಲ್ಲ. ಮಧ್ಯಾಹ್ನವೆಲ್ಲ ನನ್ನ ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಅಲ್ಲಿರಲಿಲ್ಲ. ಪಾತ್ರೆ ಬೆಳಗಿದೆ, ದೀಪದ ಬುರುಡೆ ಒರೆಸಿದೆ. ಮ್ಯಾಚಿನ ದಿನ ಸುಬ್ಬನಿಗೆಂದು ಬಚ್ಚಲ ಒಲೆ ಹಚ್ಚುವ ಹೊತ್ತಾದಾಗ ಸೌದೆ ಮುಟ್ಟಲಿಲ್ಲ. ಬಾವಿಯಿಂದ ನೀರು ಸೇದಿ ಸೇದಿ ಹಂಡೆ ತುಂಬಿದೆ.

ದೀಪ ಹಚ್ಚುವ ಹೊತ್ತಿಗೆ ಸುಬ್ಬ ಬಂದ. ಮೈಯೆಲ್ಲ ಕೆಮ್ಮಣ್ಣು. ಚೆಂಡಿನ ಲೇಸು ಬಡಿದು ಹಣೆಯ ಮೇಲೆ ಬರೆ ಎದ್ದಿತ್ತು.

“ಅತ್ತಿಗೇ, ಒಂದಕ್ಕೊಂದು! ಡ್ರಾ! ಕಡೇಲಿ ಒಂದು ಬಾಲು ಹೆಂಗೆ ಹಿಡಿದೆ ಗೊತ್ತಾ, ಏಜಾಜ್ ಬಂದು ಮುತ್ತು ಕೊಟ್ಬಿಟ್ಟ. ಕುಣಿಗಲ್ ದೊಡ್ಡಪ್ಪಂಗೆ ನಾಳೇನೇ ಹೋಗಿ ಹೇಳ್ಬೇಕು...” ಎನ್ನುತ್ತಲೇ ಬಚ್ಚಲಿಗೆ ಓಡಿ ಹಂಡೆಯಲ್ಲಿ ಕೈ ಅದ್ದಿದ.

ಕೈ ಅಲ್ಲೇ ನಿಂತಿತು. ತಣ್ಣೀರನ್ನೂ ಆರಿದ ಒಲೆಯನ್ನೂ ನೋಡಿದ. ಬಾವಿಕಟ್ಟೆಯಿಂದ ಎದ್ದು ಬರುತ್ತಿದ್ದ ಪುಟ್ಟರಂಗಯ್ಯನನ್ನು ನೋಡಿದ.

“ದೊಡ್ಡಪ್ಪನಾ?”

“ನೆನ್ನೆ ಬೆಳಿಗ್ಗೆ ಕಣ್ ಬುದ್ಧಿ. ಸಂಜೀಕೇ ಎಲ್ಲಾ ಆಯ್ತು. ‘ಗುಬ್ಬಿ ಹುಡುಗ್ರ ಆಟ ಯಾವತ್ಲಾ’ ಅಂತ ಮೊನ್ನೆನೂ ಕೇಳುದ್ರು. ನಂಗೆ ಗೊತ್ತಿರ್ನಿಲ್ಲ.”

ಸುಬ್ಬ ಬಚ್ಚಲ ಕಲ್ಲಿನ ಮೇಲೆ ಕುಸಿದು ಕೂತ. ನಾನು ಚೊಂಬು ತುಂಬಿ ತಲೆಯ ಮೇಲೆ ಸುರಿದೆ. ಬನಿಯನ್ನಿನ ಕಾವಿ ಮಣ್ಣಿನೊಂದಿಗೆ ಕರಗಿ ಹರಿಯಿತು. ಚಿಕ್ಕವನಾಗಿದ್ದಾಗ ಅಳುತ್ತಿದ್ದಂತೆಯೇ ಅತ್ತ.

ಮಾವನವರು ಗೋಡೆ ಹಿಡಿದುಕೊಂಡು ಬಂದು, ಉಟ್ಟ ಪಂಚೆಯಲ್ಲೇ ಮಗನ ಪಕ್ಕದಲ್ಲಿ ಕೂತರು.

“ಉಳೀತೇನೋ, ಅಣ್ಣನ ಕ್ಲಬ್ಬು?”

“ಉಳೀತಪ್ಪ.”

ಅವರು ತಲೆಯಾಡಿಸಿ, ನನ್ನ ಕೈಯಿಂದ ಚೊಂಬು ತೆಗೆದುಕೊಂಡು ತಮ್ಮ ತಲೆಯ ಮೇಲೆ ತಾವೇ ನೀರು ಸುರಿದುಕೊಂಡರು.